ತಪ್ಪು ಸಂಖ್ಯೆ ಮತ್ತು ಸೈಕಲ್ ಶಾಪು

ರೈಟ್ ಸಹೋದರರು ಅಂದ ಕೂಡಲೇ ಎಲ್ಲರೂ 1903ರ ಡಿಸೆಂಬರ್ 17ಕ್ಕೆ ನೆಗೆದುಬಿಡುತ್ತಾರೆ. ಹನ್ನೆರಡು ಸೆಕೆಂಡು, 120 ಅಡಿ, ಚಪ್ಪಾಳೆ. ನನಗೆ ಅದಕ್ಕಿಂತ ಇಷ್ಟವಾಗೋದು ಅದರ ಎರಡು ವರ್ಷ ಹಿಂದಿನ ಕಥೆ.

1901ರ ಬೇಸಿಗೆಯಲ್ಲಿ ಅಣ್ಣ ವಿಲ್ಬರ್, ತಮ್ಮ ಆರ್ವಿಲ್ ಇಬ್ಬರೂ ಕಿಟ್ಟಿ ಹಾಕ್‌ ಬಳಿಯ ಮರಳು ದಿಬ್ಬಗಳಲ್ಲಿ ಹೊಸ ಗ್ಲೈಡರ್ ಹಾರಿಸಿ ನೋಡ್ತಿದ್ದರು. ಲೆಕ್ಕದ ಪ್ರಕಾರ ಬರಬೇಕಿದ್ದ ಎತ್ತುವ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಬಂತು. ನಮ್ಮ ಕಾಲದಲ್ಲಂತೂ ಮನುಷ್ಯ ಹಾರೋದಿಲ್ಲ ಅಂತ ವಿಲ್ಬರ್ ಕೈಚೆಲ್ಲಿದ್ದನಂತೆ.

ಈ ಬಲ ಹುಟ್ಟೋದು ಹೇಗೆ? ತುಸು ಬಾಗಿದ, ತುಸು ಓರೆಯಾದ ರೆಕ್ಕೆ ಎದುರಿನ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತೆ. ಪ್ರತಿಯಾಗಿ ಗಾಳಿ ರೆಕ್ಕೆಯನ್ನು ಮೇಲಕ್ಕೆ ನೂಕುತ್ತೆ. ರೆಕ್ಕೆಯ ಮೇಲ್ಗಡೆ ಒತ್ತಡ ಕಡಿಮೆ, ಕೆಳಗಡೆ ಹೆಚ್ಚು. (ಮೇಲೆ ಹೋದ ಗಾಳಿ, ಕೆಳಗೆ ಹೋದ ಗಾಳಿ ಎರಡೂ ಒಂದೇ ಹೊತ್ತಿಗೆ ಹಿಂದಿನ ತುದಿ ಮುಟ್ಟಬೇಕು ಅನ್ನೋ ಸ್ಕೂಲಿನ ವಿವರಣೆ ಮರೆತುಬಿಡಿ. ಗಾಳಿಗೆ ಅಂಥ ಅಪಾಯಿಂಟ್‌ಮೆಂಟ್ ಏನೂ ಇಲ್ಲ.) ಬಲ ಎಷ್ಟು ಅನ್ನೋದಕ್ಕೆ ರೆಕ್ಕೆಯ ವಿಸ್ತೀರ್ಣ, ಗಾಳಿಯ ವೇಗದ ವರ್ಗ, ಆಕಾರ ಮತ್ತು ಓರೆಗೆ ತಕ್ಕ ಒಂದು ಅಂಕಿ, ಜೊತೆಗೆ ಒಂದು ಸ್ಥಿರಾಂಕ, ಇಷ್ಟನ್ನೂ ಗುಣಿಸಬೇಕು.

ಆಕಾರದ ಅಂಕಿಗಳು ಜರ್ಮನಿಯ ಆಟೋ ಲಿಲಿಯೆಂಥಾಲ್‌ನ ಕೋಷ್ಟಕದ್ದು. ಸುಮಾರು 2,000 ಸಲ ಗ್ಲೈಡರ್‌ನಲ್ಲಿ ತೇಲಿದ್ದ ಆತ 1896ರಲ್ಲಿ ಬಿದ್ದು ಸತ್ತಿದ್ದ. ಸ್ಥಿರಾಂಕ 0.005. ಅದಕ್ಕೆ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ ಹೆಸರು. 1759ರಲ್ಲಿ ಬಂದ ಆತನ ಪ್ರಬಂಧದ ಬಲದ ಮೇಲೆ ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂದಿತ್ತು.

ಅನುಮಾನ ಮೊದಲು ಬಿದ್ದದ್ದು ಸತ್ತವನ ಮೇಲೆ. ಡೇಟನ್‌ನಲ್ಲಿ ಅವರದ್ದು ಸೈಕಲ್ ಅಂಗಡಿ. ಸೈಕಲ್ಲಿನ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡ ಮಲಗಿಸಿ, ಅದರ ಅಂಚಿಗೆ ಪುಟ್ಟ ರೆಕ್ಕೆ ಮತ್ತು ಒಂದು ತಗಡು ಕಟ್ಟಿ, ಗಾಳಿ ಬರಲಿ ಅಂತ ಪೆಡಲ್ ತುಳಿದರು. ಕೋಷ್ಟಕದ ಲೆಕ್ಕ ಹೊಂದಲಿಲ್ಲ. ಆಮೇಲೆ ಆರಡಿ ಉದ್ದದ ಮರದ ಪೆಟ್ಟಿಗೆ ಮಾಡಿ ಒಂದು ತುದಿಗೆ ಫ್ಯಾನ್ ಇಟ್ಟರು. ಒಳಗಿನ ತಕ್ಕಡಿ ಹ್ಯಾಕ್‌ಸಾ ಬ್ಲೇಡು, ಸೈಕಲ್ ಕಡ್ಡಿಗಳದ್ದು. ಹೈಸ್ಕೂಲ್ ಸರ್ಟಿಫಿಕೇಟೂ ಇಲ್ಲದ ಇಬ್ಬರು ಆ ಚಳಿಗಾಲ ಸುಮಾರು 200 ಪುಟಾಣಿ ರೆಕ್ಕೆಗಳನ್ನು ಅದರೊಳಗೆ ತೂಗಿದರು.

ಲಿಲಿಯೆಂಥಾಲ್ ಬಹುಮಟ್ಟಿಗೆ ಸರಿಯಿದ್ದ, ಆದರೆ ಅವನ ಅಂಕಿಗಳು ಅವನದೇ ಆಕಾರದ ರೆಕ್ಕೆಗೆ ಮಾತ್ರ. ಸ್ಥಿರಾಂಕ ಸುಮಾರು 0.0033 ಇರಬೇಕಿತ್ತು. ಅಂದರೆ ಕಾಗದದ ಮೇಲಿನ ಬಲ ಒಂದೂವರೆ ಪಟ್ಟು ಉಬ್ಬಿತ್ತು. ಮಿಕ್ಕ ತಪ್ಪು ಇವರದ್ದೇ ರೆಕ್ಕೆಯದು: 22 ಅಡಿ ಉದ್ದ, 7 ಅಡಿ ಅಗಲದ ಗುಜ್ಜು ರೆಕ್ಕೆ. 1902ರಲ್ಲಿ ವಿಸ್ತೀರ್ಣ ಹೆಚ್ಚೇನೂ ಬದಲಿಸದೆ 32 ಅಡಿ ಉದ್ದ, 5 ಅಡಿ ಅಗಲ ಮಾಡಿದರು. ತೇಲಿತು.

ಮುಂದಿನ ವರ್ಷ ಎಂಜಿನ್ ಬಂತು. ಆ ಡಿಸೆಂಬರ್ ಬೆಳಿಗ್ಗೆ ಎದುರುಗಾಳಿ ಗಂಟೆಗೆ 20 ಮೈಲಿಗೂ ಮೇಲಿತ್ತು. ರೆಕ್ಕೆಗೆ ಬೇಕಿರೋದು ಗಾಳಿಯ ವೇಗ, ನೆಲದ್ದಲ್ಲ. ಹಾಗಾಗಿ ಆರ್ವಿಲ್ ಹತ್ತಿದ್ದ ವಿಮಾನ 60 ಅಡಿಯ ಹಳಿ ಮುಗಿಯೋದರೊಳಗೆ ನೆಲ ಬಿಟ್ಟಿತು. ಅಲ್ಲಿವರೆಗೆ ವಿಲ್ಬರ್ ರೆಕ್ಕೆಯ ತುದಿ ಹಿಡಿದು ಪಕ್ಕದಲ್ಲೇ ಓಡ್ತಿದ್ದ! ಗಾಳಿ ಮಂದವಾಗಿದ್ದ ಡೇಟನ್‌ಗೆ ಮರಳಿದ ಮೇಲೆ, 1904ರಲ್ಲಿ, ಗೋಪುರದಿಂದ ಭಾರ ಬೀಳಿಸಿ, ಹಗ್ಗದಲ್ಲಿ ಎಳೆದು ವಿಮಾನ ಎಬ್ಬಿಸಬೇಕಾಯಿತು.

ವಿಲ್ಬರ್ 1912ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ. ಲಿಲಿಯೆಂಥಾಲ್ ಬಗ್ಗೆ ಆತ ಬರೆದಿಟ್ಟಿದ್ದ ಲೇಖನ ಆಮೇಲೆ ಪ್ರಕಟವಾಯಿತು. ಹಿಂದಿನ ಶತಮಾನದಲ್ಲಿ ಹಾರಾಟಕ್ಕೆ ಕೈಹಾಕಿದವರಲ್ಲೆಲ್ಲ ದೊಡ್ಡವನು ಅವನೇ ಅಂತ ಅದರಲ್ಲಿದೆ.