ಕರಿಯನಿಗೆ ಕರಾರಿಲ್ಲ

ಬೇಸ್‌ಬಾಲ್ ನಮ್ಮ ಆಟವಲ್ಲ. ಕ್ರಿಕೆಟ್ ಬಲ್ಲವರಿಗೆ ಅದನ್ನು ವಿವರಿಸುವುದು ಅಷ್ಟೇನೂ ಕಷ್ಟವಿಲ್ಲ. ಚೆಂಡೆಸೆಯುವವನು ಪಿಚರ್. ಹೊಡೆಯುವವನ ಬೆನ್ನ ಹಿಂದೆ ವಿಕೆಟ್‌ಕೀಪರ್‌ನಂತೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ಹಿಡಿಯುವವನು ಕ್ಯಾಚರ್. ಯಾವ ಎಸೆತ ಹಾಕಬೇಕೆಂದು ಬೆರಳಿನಿಂದ ಸನ್ನೆ ಮಾಡುವವನೂ ಅವನೇ. ಈಗಿನ ದಪ್ಪ ಕೈಗವಸು 1880ರ ದಶಕದ ಕ್ಯಾಚರ್‌ಗಳಿಗೆ ಇರಲಿಲ್ಲ. ಹಲವರು ಬರಿಗೈಯಲ್ಲೇ ಹಿಡಿಯುತ್ತಿದ್ದರು, ಬೆರಳು ಮುರಿದುಕೊಳ್ಳುತ್ತಿದ್ದರು.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡ 1866ರಷ್ಟು ಹಳೆಯದು. ಆ್ಯನ್ ಆರ್ಬರ್ ಎಂಬ ಊರಿನ ಈ ತಂಡ 1953 ಮತ್ತು 1962ರಲ್ಲಿ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2019ರಲ್ಲಿ ಅಂತಿಮ ಸುತ್ತಿಗೆ ಬಂದು ವ್ಯಾಂಡರ್‌ಬಿಲ್ಟ್ ಎದುರು ಸೋತಿತು. ಗೆಲುವು ಸೋಲಿನ ಲೆಕ್ಕವನ್ನು ಇಲ್ಲಿಗೇ ಬಿಡೋಣ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಈ ತಂಡಕ್ಕೆ ಆಡಿದವರ, ಆಡಿಸಿದವರ ಬದುಕಿನಲ್ಲಿ ಬ್ಯಾಟು ಚೆಂಡಿಗಿಂತ ಒಂದು ಕಾಗದ ದೊಡ್ಡದಾಗಿತ್ತು. ಅದು ಕರಾರುಪತ್ರ. ಅದು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರ ಕಾಲಿಗೆ ಕೋಳವಾಯಿತು ಎಂಬುದರಲ್ಲಿ ಆ ದೇಶದ ಅರ್ಧ ಚರಿತ್ರೆಯಿದೆ.

ಮೋಸೆಸ್ ಫ್ಲೀಟ್‌ವುಡ್ ವಾಕರ್ ಒಹಾಯೊ ರಾಜ್ಯದವರು, 1856ರಲ್ಲಿ ಹುಟ್ಟಿದವರು, ಕರಿಯರು. ಗುಲಾಮಗಿರಿ ಇನ್ನೂ ಇದ್ದ ಕಾಲದಲ್ಲೇ, 1835ರಷ್ಟು ಹಿಂದೆಯೇ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿದ್ದ ಓಬರ್ಲಿನ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಓಬರ್ಲಿನ್ ತಂಡ ಮಿಶಿಗನ್ ತಂಡವನ್ನು ಸೋಲಿಸಿತು. ಸೋತವರಿಗೆ ಗೆದ್ದವರ ಕ್ಯಾಚರ್ ಮೇಲೆ ಕಣ್ಣುಬಿತ್ತು. 1882ರಲ್ಲಿ ವಾಕರ್ ಮಿಶಿಗನ್‌ಗೆ ಆಡಿದರು, ಅಲ್ಲಿಯೇ ಕಾನೂನು ಓದಿದರು. ತಮ್ಮ ವೆಲ್ಡಿಯೂ ಅಣ್ಣನ ಹಿಂದೆ ಬಂದ.

ಕಾಲೇಜಿನ ಗೇಟು ದಾಟಿದ ಮೇಲೆ ಗಾಳಿಯೇ ಬೇರೆ. ಪದವಿ ಮುಗಿಸದೆ ವಾಕರ್ ಟೊಲಿಡೊ ತಂಡ ಸೇರಿದರು. 1884ರಲ್ಲಿ ಆ ತಂಡ ಅತ್ಯುನ್ನತ ದರ್ಜೆಯ ಲೀಗಿಗೆ ಏರಿದಾಗ ವಾಕರ್ 42 ಪಂದ್ಯ ಆಡಿದರು. ಅದೇ ತಂಡದ ಪಿಚರ್ ಟೋನಿ ಮುಲೇನ್ ಅವರ ಸನ್ನೆಗಳನ್ನು ನೋಡುತ್ತಲೇ ಇರಲಿಲ್ಲ. ಇಂಥ ಕ್ಯಾಚರ್ ತನಗೆ ಮತ್ತೆ ಸಿಗಲಿಲ್ಲವೆಂದೂ, ಕರಿಯನ ಮಾತು ಕೇಳಲು ಮನಸ್ಸಾಗದೆ ಇಷ್ಟಬಂದಂತೆ ಎಸೆಯುತ್ತಿದ್ದೆನೆಂದೂ ಆತನೇ ಮುಂದೆ ಒಪ್ಪಿಕೊಂಡ. ಕವಚವಿಲ್ಲದ ಕೈಗೆ ಯಾವ ಚೆಂಡು ಎಲ್ಲಿಂದ ಬರುತ್ತದೆಂದು ತಿಳಿಯದೆ ಕೂತಿರುವುದು ಹೇಗಿದ್ದೀತು! ಕತೆ ಕಟ್ಟುವ ನಮಗೂ ಇಂಥದ್ದು ಹೊಳೆಯುತ್ತಿರಲಿಲ್ಲ.

1887ರ ಜುಲೈ 14ರಂದು, ಆಗ ವಾಕರ್ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗಿನ ಯಜಮಾನರು ಸಭೆ ಸೇರಿ ಇನ್ನು ಮುಂದೆ ಕರಿಯ ಆಟಗಾರರಿಗೆ ಹೊಸ ಕರಾರು ಕೊಡಕೂಡದೆಂದು ತೀರ್ಮಾನಿಸಿದರು. ಹೊಡೆದು ಓಡಿಸಿದ್ದಲ್ಲ, ಸಭೆ ನಡೆಸಿ ಮತಕ್ಕೆ ಹಾಕಿದ್ದು. ಮರುವರ್ಷ ಮತ್ತೊಂದು ಲೀಗು ಇಂಥದೇ ಹಾದಿ ಹಿಡಿದಾಗ ವೆಲ್ಡಿ ವಾಕರ್ ಪತ್ರಿಕೆಗೆ ಬಹಿರಂಗ ಪತ್ರ ಬರೆದ. ಆಟ ಬಾರದಿದ್ದರೆ, ನಡತೆ ಸರಿಯಿಲ್ಲದಿದ್ದರೆ ಹೊರಗಿಡಿ, ಬಣ್ಣ ನೋಡಿ ಹೊರಗಿಡುವುದೇಕೆ ಎಂಬುದು ಅದರ ಸಾರ. ಉತ್ತರವನ್ನು ಕಾಲವೇ ಕೊಟ್ಟಿತು. ಅಣ್ಣ 1889ರವರೆಗೆ ಹೇಗೋ ಉಳಿದರು. ಆಮೇಲೆ ಆ ಲೀಗಿನಲ್ಲಿ ಇನ್ನೊಬ್ಬ ಕರಿಯ ಆಡಿದ್ದು 1946ರಲ್ಲಿ. ವಾಕರ್ 1908ರಲ್ಲಿ ಒಂದು ಪುಸ್ತಕ ಬರೆದು, ಕರಿಯರಿಗೆ ಈ ದೇಶದಲ್ಲಿ ಬಾಳಿಲ್ಲ, ಆಫ್ರಿಕಾಕ್ಕೆ ಮರಳಬೇಕು ಎಂದರು. ಕಾನೂನು ಓದಿದವನು ಕಾನೂನಿನಲ್ಲೇ ನಂಬಿಕೆ ಕಳೆದುಕೊಂಡಿದ್ದ.

ಅದೇ ಮೈದಾನಕ್ಕೆ 1910ರಲ್ಲಿ ಇನ್ನೊಬ್ಬ ಕಾನೂನು ವಿದ್ಯಾರ್ಥಿ ಬಂದರು. ಅವರೂ ಒಹಾಯೊದವರು, ಅವರೂ ಕ್ಯಾಚರ್ ಆಗಿದ್ದವರು, ಆದರೆ ಬಿಳಿಯರು. ಹೆಸರು ಬ್ರಾಂಚ್ ರಿಕಿ. ಕ್ಷಯದಿಂದ ಆಗತಾನೇ ಚೇತರಿಸಿಕೊಂಡಿದ್ದ ಅವರು ಓದುತ್ತಲೇ ತಂಡದ ಕೋಚ್ ಆದರು, 1913ರವರೆಗೆ ಇದ್ದರು. ಅದಕ್ಕೂ ಮುಂಚೆ ಒಹಾಯೊ ವೆಸ್ಲಿಯನ್ ಕಾಲೇಜಿನ ತಂಡಕ್ಕೆ ಅವರು ಕೋಚ್ ಆಗಿದ್ದಾಗಿನ ಒಂದು ಪ್ರಸಂಗವಿದೆ. ಸೌತ್ ಬೆಂಡ್ ಎಂಬಲ್ಲಿ ಹೋಟೆಲಿನವರು ತಂಡದ ಕಪ್ಪು ಆಟಗಾರ ಚಾರ್ಲ್ಸ್ ಥಾಮಸ್‌ಗೆ ಕೋಣೆ ಕೊಡಲಿಲ್ಲ. ರಿಕಿ ಹಟಹಿಡಿದು ತಮ್ಮ ಕೋಣೆಯಲ್ಲೇ ಉಳಿಸಿಕೊಂಡರು. ರಾತ್ರಿ ಆ ಹುಡುಗ ಅಳುತ್ತಾ ಬಣ್ಣವನ್ನೇ ಕಿತ್ತುಹಾಕುವವನಂತೆ ಕೈ ಉಜ್ಜಿಕೊಳ್ಳುತ್ತಿದ್ದನೆಂದು ರಿಕಿ ಜೀವನವಿಡೀ ಹೇಳುತ್ತಿದ್ದರು. ಥಾಮಸ್ ಮುಂದೆ ದಂತವೈದ್ಯರಾದರು.

ಕಣ್ಣು ಒದ್ದೆಯಾಗುವಂಥ ಮಾತೇ. ಆದರೆ ಇದೇ ರಿಕಿ ಮುಂದೆ ಸೇಂಟ್ ಲೂಯಿ ನಗರದಲ್ಲಿ ಮೂರು ದಶಕ ದೊಡ್ಡ ತಂಡಗಳನ್ನು ನಡೆಸಿದರು. ಅಲ್ಲಿನ ಕ್ರೀಡಾಂಗಣದಲ್ಲಿ ಕರಿಯ ಪ್ರೇಕ್ಷಕರಿಗೆ ಬೇರೆಯೇ ಜಾಗ. ಆ ಮೂವತ್ತು ವರ್ಷ ಥಾಮಸ್‌ನ ಕೈಗಳು ಅವರಿಗೆ ನೆನಪಾಗಲಿಲ್ಲವೇ ಎಂದು ಕೇಳದಿರಲು ನಮ್ಮಿಂದಾಗುವುದಿಲ್ಲ.

ಮಿಶಿಗನ್‌ನಲ್ಲಿ ರಿಕಿಗೆ ಸಿಕ್ಕ ರತ್ನ ಜಾರ್ಜ್ ಸಿಸ್ಲರ್, ಎಂಜಿನಿಯರಿಂಗ್ ವಿದ್ಯಾರ್ಥಿ. ಅಪ್ರಾಪ್ತ ವಯಸ್ಸಿನಲ್ಲಿ, ಅಪ್ಪನನ್ನೂ ಕೇಳದೆ ಒಂದು ವೃತ್ತಿಪರ ತಂಡದ ಕರಾರಿಗೆ ಸಹಿ ಹಾಕಿ ಸಿಕ್ಕಿಹಾಕಿಕೊಂಡಿದ್ದ. ವಕೀಲಿ ಕಲಿತ ಕೋಚ್ ನೆರವಿಗೆ ನಿಂತರು, ಕರಾರು ಬಿದ್ದುಹೋಯಿತು. 1915ರಲ್ಲಿ ಸಿಸ್ಲರ್ ಸೇರಿದ್ದು ರಿಕಿಯವರದೇ ತಂಡವನ್ನು! 1920ರಲ್ಲಿ ಅವರು ಬಾರಿಸಿದ 257 ಹಿಟ್‌ಗಳ ದಾಖಲೆಯನ್ನು ಮುರಿಯಲು 2004ರಲ್ಲಿ ಜಪಾನಿನ ಇಚಿರೊ ಬರಬೇಕಾಯಿತು.

ಕರಾರು ಎಲ್ಲರಿಗೂ ಹೀಗೆ ಸಡಿಲವಾಗಲಿಲ್ಲ. ರೇ ಫಿಶರ್ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದ್ದ ಪಿಚರ್. 1919ರ ವಿಶ್ವ ಸರಣಿಯಲ್ಲಿ ಷಿಕಾಗೊ ಆಟಗಾರರು ಜೂಜುಕೋರರಿಂದ ಹಣ ತಿಂದು ಸೋತರಲ್ಲ, ಆಗ ಎದುರಿಗಿದ್ದ ಸಿನ್ಸಿನಾಟಿ ತಂಡದಲ್ಲಿ ಇವರಿದ್ದರು. 1921ರಲ್ಲಿ ಸಂಬಳ ಕಡಿತವಾದಾಗ ತಂಡ ಬಿಟ್ಟು ಮಿಶಿಗನ್ ಕೋಚ್ ಹುದ್ದೆಗೆ ಬಂದರು. ಬೇಸ್‌ಬಾಲಿನ ಸರ್ವಾಧಿಕಾರಿಯಾಗಿದ್ದ ನ್ಯಾಯಾಧೀಶ ಲ್ಯಾಂಡಿಸ್, ಹಣ ತಿಂದವರಿಗೆ ಹಾಕಿದ ಬಹಿಷ್ಕಾರವನ್ನೇ ಇವರ ಮೇಲೂ ಹೇರಿದರು. ಫಿಶರ್ 1958ರವರೆಗೆ ಹುಡುಗರನ್ನು ಆಡಿಸಿದರು. 1953ರ ಪ್ರಶಸ್ತಿ ಅವರ ಕಾಲದ್ದೇ. ಲ್ಯಾಂಡಿಸ್ ಗದ್ದುಗೆಯಲ್ಲಿದ್ದಷ್ಟು ಕಾಲ ಒಬ್ಬ ಕರಿಯನೂ ದೊಡ್ಡ ಲೀಗಿಗೆ ಕಾಲಿಡಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

1944ರಲ್ಲಿ ಲ್ಯಾಂಡಿಸ್ ತೀರಿಕೊಂಡರು. ಅಷ್ಟರಲ್ಲಿ ಬ್ರೂಕ್ಲಿನ್ ತಂಡಕ್ಕೆ ಬಂದಿದ್ದ ರಿಕಿ, 1945ರಲ್ಲಿ ಕರಿಯರ ತಂಡಗಳ ಆಟ ನೋಡಲು ಕಳಿಸಿದವರಲ್ಲಿ ಹಳೆಯ ಶಿಷ್ಯ ಸಿಸ್ಲರ್ ಕೂಡ ಇದ್ದರು. ಆರಿಸಿದ್ದು ಜಾಕಿ ರಾಬಿನ್‌ಸನ್‌ರನ್ನು. 1946ರಲ್ಲಿ ರಾಬಿನ್‌ಸನ್ ಮೊದಲು ಆಡಿದ್ದು ವಾಕರ್ ಕೊನೆಯದಾಗಿ ಆಡಿದ್ದ ಅದೇ ಇಂಟರ್‌ನ್ಯಾಷನಲ್ ಲೀಗಿನಲ್ಲಿ. 1947ರ ಏಪ್ರಿಲ್ 15ರಂದು ದೊಡ್ಡ ಲೀಗಿಗೆ ಇಳಿದರು. ರಾಬಿನ್‌ಸನ್ ಅಲ್ಲಿಯವರೆಗೆ ಆಡುತ್ತಿದ್ದ ಕರಿಯರ ತಂಡವಾದ ಕನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ರಿಕಿ ಒಂದು ಡಾಲರ್ ಕೂಡ ಕೊಡಲಿಲ್ಲ. ಬಿಳಿಯರ ತಂಡದ ಕರಾರನ್ನು ಮುರಿದ ಫಿಶರ್‌ಗೆ ಬಹಿಷ್ಕಾರ. ಕರಿಯರ ತಂಡದ ಆಟಗಾರನನ್ನು ಎತ್ತಿಕೊಂಡು ಹೋದರೆ ಕೇಳುವವರೇ ಇಲ್ಲ. ರಿಕಿಯ ಧೈರ್ಯವನ್ನು ಹೊಗಳುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಬಲಗೈ ಇಲ್ಲದೆ ಹುಟ್ಟಿದ ಜಿಮ್ ಆ್ಯಬಟ್ 1986ರಿಂದ 88ರವರೆಗೆ ಇದೇ ಮಿಶಿಗನ್‌ನ ಪಿಚರ್ ಆಗಿದ್ದರು, ವೃತ್ತಿಪರರಾಗಿಯೂ ಮೆರೆದರು. ಅವರದು ಪ್ರತ್ಯೇಕ ಲೇಖನಕ್ಕೆ ಆಗುವಷ್ಟಿದೆ.

ಫಿಶರ್ ನಿವೃತ್ತ ಆಟಗಾರರಷ್ಟೇ, ಅವರ ಮೇಲೆ ಕಳಂಕವಿಲ್ಲ ಎಂಬ ಮಾತು ಬೇಸ್‌ಬಾಲ್ ಆಡಳಿತದಿಂದ ಬಂದದ್ದು 1980ರಲ್ಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ಎರಡು ವರ್ಷದ ನಂತರ ತೀರಿಕೊಂಡರು. 1924ರಲ್ಲಿ ತೀರಿದ್ದ ವಾಕರ್‌ಗೆ ಅಷ್ಟೂ ಸಿಗಲಿಲ್ಲ. ಒಹಾಯೊದ ಸ್ಟೂಬೆನ್‌ವಿಲ್‌ನಲ್ಲಿ ಅವರನ್ನು ಹೂಳಿದ ಜಾಗದಲ್ಲಿ ಹೆಸರು ಬರೆದ ಒಂದು ಕಲ್ಲೂ ಇರಲಿಲ್ಲ. 1991ರಲ್ಲಿ ಓಬರ್ಲಿನ್ ಕಾಲೇಜಿನ ಕ್ರೀಡಾಭಿಮಾನಿಗಳು ಅಲ್ಲಿ ಒಂದು ಕಲ್ಲು ನೆಡಿಸಿದರು.