ಹಿಮಾ: ಅರಬರ ಕಾವಲುಭೂಮಿಯೂ ಇಂದಿನ ಜೀವಶಾಸ್ತ್ರವೂ

ಹಳೆಯ ಮೈಸೂರು ಸೀಮೆಯಲ್ಲಿ 'ಕಾವಲು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಕಾಯುವ ಕೆಲಸ. ಇನ್ನೊಂದು ಕಾಯ್ದಿರಿಸಿದ ಹುಲ್ಲುಗಾವಲು. ಅರಸರ ದನಗಳಿಗೆ ಮೀಸಲಾಗಿದ್ದು, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಕಾವಲುಗಳನ್ನು ವಾಚಕರು ಬಲ್ಲರು. ಇದಕ್ಕೆ ಬಹು ಸಮೀಪವಾದ ಶಬ್ದವೊಂದು ಅರಬ್ಬಿಯಲ್ಲಿದೆ. ಅದೇ 'ಹಿಮಾ'. ಕಾಯ್ದಿರಿಸಿದ, ಅನ್ಯರಿಗೆ ತಡೆಯಿರುವ ನೆಲವೆಂದು ಅದರ ಅರ್ಥ. ಈ ಪುರಾತನ ಪದ್ಧತಿ ವನ್ಯಜೀವಿ ಸಂರಕ್ಷಣೆಯ ಸಂಶೋಧನೆಗೆ ವಿಷಯವಾದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಇಸ್ಲಾಮಿಗೆ ಮೊದಲೇ ಹಿಮಾ ಇದ್ದಿತು. ಬಲಿಷ್ಠನಾದ ಕುಲನಾಯಕನು ದಿಣ್ಣೆಯ ಮೇಲೆ ನಾಯಿಯನ್ನು ಬೊಗಳಿಸಿ, ಆ ಸದ್ದು ಕೇಳುವಷ್ಟು ದೂರದ ನೆಲವನ್ನೆಲ್ಲ ತನ್ನದೆಂದು ಸಾರುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಪ್ರವಾದಿ ಮುಹಮ್ಮದರು ಇಂಥ ಸ್ವಂತದ ಹಿಮಾವನ್ನು ನಿಷೇಧಿಸಿ, ಸಮುದಾಯದ ಹಿತಕ್ಕಾಗಿ ಮಾತ್ರ ಅದನ್ನು ಉಳಿಸಿದರು. ಮದೀನಾ ಸಮೀಪದ ನಖೀ ಎಂಬಲ್ಲಿ ಕುದುರೆಗಳಿಗಾಗಿ ಹುಲ್ಲುಗಾವಲನ್ನು ಮೀಸಲಿಟ್ಟರು. ಮಕ್ಕಾ ಮದೀನಾಗಳ 'ಹರಮ್' ಎಂಬ ಪವಿತ್ರ ವಲಯದಲ್ಲಿ ಬೇಟೆಗೂ ಮರ ಕಡಿಯುವುದಕ್ಕೂ ನಿಷೇಧವಿದ್ದಿತು. ಹಜ್ ಯಾತ್ರೆಯ ದೀಕ್ಷೆಯಲ್ಲಿರುವವನು ನೆಲದ ಮೃಗವನ್ನು ಬೇಟೆಯಾಡಕೂಡದೆಂಬುದು ಕುರಾನಿನ ವಿಧಿ.

ಇದಕ್ಕಿಂತಲೂ ಗಮನಾರ್ಹವಾದುದು ಖಲೀಫ ಉಮರನು (ಆಳ್ವಿಕೆ 634-644) ಹುನೈ ಎಂಬ ಕಾವಲುಗಾರನಿಗೆ ಕೊಟ್ಟ ಆಜ್ಞೆ. ನಾಲ್ಕಾರು ಒಂಟೆ ಕುರಿಗಳುಳ್ಳ ಬಡವನನ್ನು ಒಳಗೆ ಬಿಡು. ಸಿರಿವಂತರ ಮಂದೆಗಳನ್ನು ತಡೆ ಎಂಬುದು ಅದರ ಸಾರ. ಸಿರಿವಂತನ ಮಂದೆ ಸತ್ತರೆ ಅವನಿಗೆ ಖರ್ಜೂರದ ತೋಟವೂ ಹೊಲವೂ ಉಂಟು. ಬಡವನ ಮಂದೆ ಸತ್ತರೆ ಅವನು ಮಕ್ಕಳೊಡನೆ ರಾಜ್ಯದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆಗ ಹುಲ್ಲಿಗೆ ಬದಲು ಹೊನ್ನನ್ನೇ ಕೊಡಬೇಕಾದೀತು!

ಹದಿಮೂರು ಶತಮಾನಗಳ ತರುವಾಯ ಒಮರ್ ದ್ರಾಜ್ ಎಂಬ ಹುಲ್ಲುಗಾವಲು ತಜ್ಞರು ಅರೇಬಿಯದಲ್ಲಿ ಉಳಿದಿದ್ದ ಹಿಮಾಗಳನ್ನು ಪರಿಶೀಲಿಸಿದರು. ಅವರ ವರದಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1969ರಲ್ಲಿ ಹೊರತಂದಿತು. ಹಿಮಾಗಳಲ್ಲಿ ಅವರು ಐದು ಬಗೆಗಳನ್ನು ಗುರುತಿಸಿದರು. ಮೇಯಿಸದೆ ನಿಗದಿಯಾದ ಕಾಲದಲ್ಲಿ ಹುಲ್ಲು ಕೊಯ್ಯುವುದು ಒಂದು; ಋತುವಿಗೆ ತಕ್ಕಂತೆ ಮೇಯಿಸುವುದು ಇನ್ನೊಂದು; ದನಗಳ ಸಂಖ್ಯೆಗೂ ಜಾತಿಗೂ ಮಿತಿ ಇಟ್ಟು ವರ್ಷವಿಡೀ ಮೇಯಿಸುವುದು ಮೂರನೆಯದು; ಜೇನಿಗಾಗಿ ಕಾಯ್ದು, ಹೂವಿನ ಕಾಲ ಮುಗಿದ ಮೇಲೆ ದನ ಬಿಡುವುದು ನಾಲ್ಕನೆಯದು; ಮರಗಳನ್ನು ಉಳಿಸುವುದು ಐದನೆಯದು. ಹೂ ಬಿಟ್ಟು ಬೀಜ ಉದುರುವ ತನಕ ಗಿಡಕ್ಕೆ ಬಿಡುವು ಬೇಕೆಂಬುದು ಇಂದು ಸಸ್ಯಶಾಸ್ತ್ರದ ಪಾಠ. ಆದರೆ ಧರ್ಮಗ್ರಂಥದಲ್ಲಿ ವಿಜ್ಞಾನವೆಲ್ಲ ಅಡಗಿದೆಯೆಂದು ನಾವು ಇದರಿಂದ ವಾದಿಸುವುದಿಲ್ಲ. ಧರ್ಮವು ನೆಲಕ್ಕೊಂದು ಕಟ್ಟಳೆಯನ್ನು ಕೊಟ್ಟಿತು. ಕುರಿಗಾಹಿಗಳ ಅನುಭವ ಅದರ ವಿವರಗಳನ್ನು ತುಂಬಿತು. ಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿದರು.

ಅಷ್ಟರಲ್ಲಿಯೇ ಕಟ್ಟಳೆ ಸಡಿಲಾಗಿತ್ತು. 1950ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಹುಲ್ಲುಗಾವಲುಗಳು ಎಲ್ಲರಿಗೂ ತೆರೆದವು. ಮೋಟಾರು ವಾಹನವೂ ಬಂದೂಕೂ ಮರುಭೂಮಿಯನ್ನು ಹೊಕ್ಕವು. ಆರಿಕ್ಸ್ ಎಂಬ ನೀಳ ಕೊಂಬಿನ ಬಿಳಿ ಹುಲ್ಲೆಗಳಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯವು 1972ರಲ್ಲಿ ಒಮಾನಿನಲ್ಲಿ ಬೇಟೆಗಾರರಿಗೆ ಬಲಿಯಾದವು. ಅದೃಷ್ಟವಶಾತ್ 1963ರಿಂದಲೇ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಅವುಗಳ ಸಂತಾನವನ್ನು ಬೆಳೆಸಲಾಗುತ್ತಿತ್ತು. 1982ರಲ್ಲಿ ಒಮಾನಿನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಆರಿಕ್ಸ್‌ಗಳನ್ನು ಮರಳಿ ಬಿಡಲಾಯಿತು. ಅವುಗಳ ಸಂಖ್ಯೆ 1996ರ ವೇಳೆಗೆ 450ಕ್ಕೆ ಏರಿತು. ಆ ಬಳಿಕ ಕಳ್ಳಬೇಟೆ ಮೊದಲಾಯಿತು. ಅಭಯಾರಣ್ಯದ ವಿಸ್ತೀರ್ಣವನ್ನು ಸರಕಾರವು ಶೇಕಡ 90ರಷ್ಟು ಕಡಿಮೆ ಮಾಡಿತು. 2007ರಲ್ಲಿ ಆರಿಕ್ಸ್‌ಗಳು 65 ಮಾತ್ರ ಉಳಿದಿದ್ದವು. ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಿಂದ ತೆಗೆದುಹಾಕಲ್ಪಟ್ಟ ಮೊಟ್ಟಮೊದಲ ಸ್ಥಳ ಇದೇ. ಅಲ್ಲಿನ ಹರಾಸಿಸ್ ಜನರಿಗೆ ಕಾವಲುಗಾರರ ಕೆಲಸ ದೊರೆತರೂ, ಯೋಜನೆಯನ್ನು ರೂಪಿಸುವಾಗ ಅವರ ಮಾತನ್ನು ಕೇಳಲಿಲ್ಲವೆಂದು ಮಾನವಶಾಸ್ತ್ರಜ್ಞೆ ಡಾನ್ ಚಾಟಿ ತೋರಿಸಿದ್ದಾರೆ.

ಸೌದಿ ಅರೇಬಿಯದ ಮಹಾಜತ್ ಅಸ್ಸೈದ್‌ನಲ್ಲಿ ಬೇರೆ ಮಾರ್ಗ ಹಿಡಿದರು. ಸುಮಾರು 2,200 ಚದರ ಕಿಲೋಮೀಟರ್ ನೆಲಕ್ಕೆ ಬೇಲಿ ಹಾಕಿ 1990ರಲ್ಲಿ ಆರಿಕ್ಸ್‌ಗಳನ್ನು ಬಿಟ್ಟರು. ಬೇಟೆಗಾರ ಒಳಗೆ ಬರಲಿಲ್ಲ, ನಿಜ. ಆದರೆ ಮಳೆ ಬಿದ್ದ ಕಡೆಗೆ ಬಹುದೂರ ಸಾಗುವುದು ಈ ಪ್ರಾಣಿಯ ಸ್ವಭಾವ. ಬರಗಾಲ ಬಂದಾಗ ಬೇಲಿ ಅವುಗಳ ದಾರಿಗೂ ಅಡ್ಡವಾಗಿ, ನೂರಾರು ಒಳಗೇ ಸತ್ತವು. ಇಷ್ಟೆಲ್ಲ ಕಷ್ಟಗಳ ನಡುವೆಯೂ ಅನೇಕ ದೇಶಗಳ ಪ್ರಯತ್ನ ಸೇರಿ ಆರಿಕ್ಸ್ ಬದುಕಿತು. 2011ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಸಂಘದ ಪಟ್ಟಿಯಲ್ಲಿ ಅದು ಅಳಿವಿನಂಚಿನ ವರ್ಗದಿಂದ ಒಂದು ಮೆಟ್ಟಿಲು ಮೇಲೇರಿತು.

ಅದೇ ಸಂಘವು ಸೌದಿ ಅರೇಬಿಯದೊಡನೆ ಕೂಡಿ, ಇಸ್ಲಾಮಿನ ಪ್ರಕೃತಿ ಸಂರಕ್ಷಣಾ ತತ್ತ್ವಗಳನ್ನು ಕುರಿತ ಗ್ರಂಥವನ್ನು 1983ರಲ್ಲಿಯೇ ಪ್ರಕಟಿಸಿತ್ತು. ಲೆಬನಾನಿನಲ್ಲಿ 2004ರಿಂದ ಊರುಗಳ ಪುರಸಭೆಗಳೇ ಮುಂದೆ ಬಂದು, ಹಕ್ಕಿಗಳ ನೆಲೆಗಳನ್ನು ಹಿಮಾಗಳೆಂದು ಘೋಷಿಸತೊಡಗಿದವು. ಅಲ್ಲಿ ಮುಸಲ್ಮಾನರ ಊರುಗಳೂ ಕ್ರೈಸ್ತರ ಊರುಗಳೂ ಆ ಹೆಸರನ್ನು ಒಪ್ಪಿಕೊಂಡಿರುವುದು ಸಂತೋಷದ ಸಂಗತಿ.

ಎಷ್ಟು ದನ, ಯಾವ ಋತು, ಎಷ್ಟು ನೆಲ ಎಂಬುದನ್ನು ಜೀವಶಾಸ್ತ್ರ ಅಳೆದು ಹೇಳಬಲ್ಲದು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಪ್ರಶ್ನೆ ನ್ಯಾಯಕ್ಕೆ ಸೇರಿದ್ದು. ಉಮರನು ಹುನೈಗೆ ಹೇಳಿದ್ದು ಅದನ್ನೇ. ನಮ್ಮ ಊರುಗಳ ಗೋಮಾಳ, ಕಾವಲುಗಳ ಚರಿತ್ರೆಯನ್ನು ಬರೆಯುವ ಉಪಾಧ್ಯಾಯ ಮಿತ್ರರು ಈ ಎರಡು ಪ್ರಶ್ನೆಗಳನ್ನೂ ಕೂಡಿಯೇ ಕೇಳಬೇಕೆಂಬುದು ನಮ್ಮ ವಿನಂತಿ.