ಕಂಪನಿ ಮುಚ್ಚಿತು, ಗಾಡಿ ನಿಲ್ಲಲಿಲ್ಲ: ಯೆಜ್ಡಿ ಕಾಲದಿಂದ ಇವತ್ತಿನ ಶೋರೂಂವರೆಗೆ

ಈ ಸಲದ ಕಂತು ಬೈಕಿನ ಬಗ್ಗೆ. ಆದರೆ ಯಾವ ಬೈಕ್ ತಗೋಬೇಕು ಅನ್ನೋದಲ್ಲ, ಯಾರ ಹತ್ತಿರ ತಗೋಬೇಕು ಅನ್ನೋದು. ಮೈಲೇಜು, ಪಿಕಪ್ಪು, ಕಲರ್ರು ಎಲ್ಲಾ ಹೇಳೋಕೆ ಯೂಟ್ಯೂಬಲ್ಲಿ ಸಾವಿರ ಜನ ಇದ್ದಾರೆ. ಡೀಲರ್ ಬಗ್ಗೆ ಮಾತಾಡೋರು ಕಡಿಮೆ. ನಾನು ಓದಿದ್ದು ಬಿಕಾಂ. ಇಂಜಿನ್ ಬಿಚ್ಚೋಕೆ ಬರಲ್ಲ, ಆದರೆ ಅಂಗಡಿಯವನ ಲೆಕ್ಕ ಸ್ವಲ್ಪ ಅರ್ಥ ಆಗುತ್ತೆ. ಜೊತೆಗೆ ಹಳೇ ಕಥೆಗಳ ಹುಚ್ಚು. ಎರಡನ್ನೂ ಸೇರಿಸಿ ಹೇಳ್ತೀನಿ.

ಮೊದಲು, ಇದು ಕಿಗ್ಗದಂಥ ಊರಿಗೆ ಯಾಕೆ ದೊಡ್ಡ ವಿಷಯ ಅಂತ ಹೇಳಿಬಿಡ್ತೀನಿ. ಶೃಂಗೇರಿಯಿಂದ ಹತ್ತು ಕಿಲೋಮೀಟರ್ ಆಸುಪಾಸು ಒಳಗಿರುವ ಊರು. ಋಷ್ಯಶೃಂಗೇಶ್ವರ ದೇವಸ್ಥಾನಕ್ಕೆ ಹೆಸರುವಾಸಿ. ಮಳೆ ಬರಲಿ ಅಂತಲೂ ಇಲ್ಲಿಗೇ ಬಂದು ಪೂಜೆ ಮಾಡಿಸ್ತಾರೆ, ಸಾಕಪ್ಪಾ ನಿಲ್ಲಲಿ ಅಂತಲೂ ಇಲ್ಲಿಗೇ ಬರ್ತಾರೆ. ಇಲ್ಲಿನ ಮಳೆಗಾಲ ಬೈಕಿಗೆ ಒಂದು ಪರೀಕ್ಷೆ ಇದ್ದ ಹಾಗೆ. ಚೈನು ತುಕ್ಕು ಹಿಡಿಯುತ್ತೆ, ಬ್ರೇಕ್ ಶೂಗೆ ಕೆಸರು ನುಗ್ಗುತ್ತೆ, ಸ್ವಿಚ್ಚಿಗೆ ನೀರು ಹೋಗಿ ಹಾರ್ನ್ ತನ್ನಷ್ಟಕ್ಕೆ ತಾನೇ ಕೂಗೋಕೆ ಶುರುಮಾಡುತ್ತೆ. ಬಯಲುಸೀಮೆಯಲ್ಲಿ ವರ್ಷಕ್ಕೆ ಎರಡು ಸರ್ವೀಸ್ ಸಾಕಾಗುವ ಗಾಡಿ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಎರಡು ಸಲ ಮೆಕ್ಯಾನಿಕ್ ಮುಖ ನೋಡಬೇಕು. ರೈಲಂತೂ ಇಲ್ಲ, ಸಂಜೆ ಮೇಲೆ ಬಸ್ಸಿನ ಭರವಸೆ ಇಲ್ಲ. ತೋಟದ ಕೆಲಸ, ಡೈರಿಗೆ ಹಾಲು, ಅಮ್ಮನ ಮಾತ್ರೆ ಎಲ್ಲದಕ್ಕೂ ಅದೇ ಬೈಕು. ಅದು ನಿಂತರೆ ಮನೆಯೇ ನಿಂತ ಹಾಗೆ.

ಮೊನ್ನೆ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಶಿವಮೊಗ್ಗದಲ್ಲಿ ಮೂರು ಸಾವಿರ ಕಮ್ಮಿಗೆ ಕೊಡ್ತಾರಂತೆ. ಅಲ್ಲಿಗೇ ಹೋಗ್ಲಾ, ಇಲ್ಲೇ ಶೃಂಗೇರಿ ಕಡೆ ತಗೊಳ್ಲಾ?" "ತಡಿ ಮಾರಾಯ, ನಾಳೆ ಹೇಳ್ತೀನಿ" ಅಂದೆ. ಅವನಿಗೆ ಹೇಳೋಕೆ ಹೊರಟದ್ದೇ ಇಷ್ಟುದ್ದ ಆಯ್ತು.

ನಮ್ಮ ಅಜ್ಜಂದಿರ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಯಾವ ಕಾರ್ಖಾನೆ ಎಷ್ಟು ಗಾಡಿ ತಯಾರಿಸಬೇಕು ಅಂತ ಲೈಸೆನ್ಸಿನಲ್ಲಿ ಸರ್ಕಾರವೇ ಬರೆದು ಕೊಡುತ್ತಿದ್ದ ಕಾಲ. ಸ್ಕೂಟರ್ ಹಂಚಿಕೆ ಮತ್ತು ಮಾರಾಟಕ್ಕೆ ಅಂತಲೇ 1960ರಲ್ಲಿ ಒಂದು ನಿಯಂತ್ರಣ ಆದೇಶ ಬಂದಿತ್ತು. ದುಡ್ಡು ಕಟ್ಟಿ ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕು. ಫಾರಿನ್‌ನಲ್ಲಿರುವ ನೆಂಟರು ಡಾಲರ್‌ನಲ್ಲಿ ಕಟ್ಟಿದರೆ ಮಾತ್ರ ಬಜಾಜ್ ಸ್ಕೂಟರ್ ಬೇಗ ಸಿಗುತ್ತಿತ್ತು. ಅಂದರೆ ಗ್ರಾಹಕ ಡೀಲರನ್ನು ಆರಿಸುತ್ತಿರಲಿಲ್ಲ, ಡೀಲರೇ ಗ್ರಾಹಕನನ್ನು ಆರಿಸುತ್ತಿದ್ದ.

ಅದೇ ಹೊತ್ತಿಗೆ ಮೈಸೂರಿನಲ್ಲಿ ಒಂದು ಕಾರ್ಖಾನೆ ಶುರುವಾಯಿತು. ಜಾವಾ ಅನ್ನೋದು ಮೂಲತಃ ಚೆಕ್ ಬೈಕು. ಯಾನೆಚೆಕ್ ಅನ್ನುವ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗ ಕೊಂಡುಕೊಂಡ. ಅವನ ಹೆಸರಿನ 'ಜಾ', ವಾಂಡರರ್‌ನ 'ವಾ' ಸೇರಿ ಜಾವಾ. ಮುಂಬೈಯಲ್ಲಿ ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ, ಆಮದಿಗೆ ಕಡಿವಾಣ ಬಿದ್ದ ಮೇಲೆ ಇಲ್ಲೇ ತಯಾರಿಸೋಣ ಅಂತ ಹೊರಟರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರೋಕೆ ಶುರುವಾದವು. ಗಮನಿಸಿ, ಕಾರ್ಖಾನೆ ಕಟ್ಟಿದವರು ಮೊದಲು ಬೈಕ್ ಮಾರುತ್ತಿದ್ದವರು. ಕೌಂಟರಿನ ಈಚೆ ಬಂದು ನಿಲ್ಲೋ ಗಿರಾಕಿ ಹೇಗಿರ್ತಾನೆ ಅಂತ ಅವರಿಗೆ ಗೊತ್ತಿತ್ತು.

1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರ್ರೇ ಮಡಚಿದರೆ ಗೇರ್ ಲಿವರ್. ನಮ್ಮ ದೊಡ್ಡಪ್ಪನ ಹತ್ತಿರ ಒಂದಿತ್ತು. ಬರೋದು ಕಾಣೋಕೆ ಮುಂಚೆ ಅದರ ಸದ್ದು ಗುಡ್ಡದ ಆಚೆಯಿಂದ ಕೇಳುತ್ತಿತ್ತಂತೆ, ಅಷ್ಟರಲ್ಲಿ ದೊಡ್ಡಮ್ಮ ಕಾಫಿಗೆ ನೀರು ಇಡುತ್ತಿದ್ದರಂತೆ.

ಆಮೇಲೆ 80ರ ದಶಕ. ಜಪಾನ್ ಕಂಪನಿಗಳ ಜೊತೆ ಒಪ್ಪಂದಕ್ಕೆ ಸರ್ಕಾರ ಬಾಗಿಲು ತೆಗೆಯಿತು. 1984ರಲ್ಲಿ ಹೊಸೂರಿನಿಂದ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ 100, ಮರುವರ್ಷ ಬಜಾಜ್ ಕವಾಸಾಕಿ. ಮೊದಲ ಸಲ ಗಿರಾಕಿಗೆ ಆಯ್ಕೆ ಅನ್ನೋದು ಸಿಕ್ಕಿತು. ಇದರಲ್ಲಿ ಸಿಡಿ 100 ಬರೀ ಮೈಲೇಜಿನಿಂದ ಗೆದ್ದಿತು ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಅರ್ಧ ಮಾತ್ರ ನಿಜ. ಅದು ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸೋ ರಗಳೆ ಇಲ್ಲ, ಆದರೆ ಇಷ್ಟು ಕಿಲೋಮೀಟರಿಗೆ ಇಂಜಿನ್ ಆಯಿಲ್ ಬದಲಾಯಿಸಲೇಬೇಕು. ಶೋರೂಂ ಹಿಂದೆ ಒಂದು ಸರ್ವೀಸ್ ಶೆಡ್ಡು, ಗಾಡಿ ಜೊತೆ ಫ್ರೀ ಸರ್ವೀಸ್ ಕೂಪನ್ ಪುಸ್ತಕ, ಜಾಬ್ ಕಾರ್ಡು: ಇದೆಲ್ಲಾ ನಮ್ಮ ಸಣ್ಣ ಪಟ್ಟಣಗಳಲ್ಲಿ ರೂಢಿಗೆ ಬಂದದ್ದು ಈ ಗಾಡಿಗಳ ಹಿಂದೆಯೇ. 1986ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಯೂ ಬಂತು.

ಯೆಜ್ಡಿ ಈ ಹೊಡೆತ ತಾಳಲಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು, ಹೊಗೆ ನಿಯಮ ಬಿಗಿಯಾಗುತ್ತಿತ್ತು, ಕಾರ್ಖಾನೆಯೊಳಗೆ ಕಾರ್ಮಿಕ ಸಮಸ್ಯೆ ಬೇರೆ. 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬಂದೆ. ಕಂಪನಿ ಇಲ್ಲ, ಡೀಲರ್ ಬೋರ್ಡ್ ಇಳಿಯಿತು, ವಾರಂಟಿ ಅನ್ನೋ ಮಾತೇ ಇಲ್ಲ. ಲೆಕ್ಕದ ಪ್ರಕಾರ ಐದಾರು ವರ್ಷದಲ್ಲಿ ಆ ಗಾಡಿಗಳೆಲ್ಲಾ ಗುಜರಿ ಸೇರಬೇಕಿತ್ತು. ಸೇರಲಿಲ್ಲ. ಮೂವತ್ತು ವರ್ಷ ಆಗ್ತಾ ಬಂತು, ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಈಗಲೂ ಓಡ್ತಿವೆ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಸಾಲಾಗಿ ಹೊರಡ್ತಾರೆ. ಓಡಿಸಿದ್ದು ಯಾರು? ಮೆಕ್ಯಾನಿಕ್‌ಗಳು. ಕಾರ್ಖಾನೆಯಲ್ಲಿ ಕೆಲಸ ಮಾಡಿ ಹೊರಬಂದವರು, ಅವರ ಹತ್ತಿರ ಕಲಿತವರು. ಪಾಯಿಂಟ್ ಗ್ಯಾಪ್ ಕಿವಿಯಲ್ಲೇ ಅಳೆಯುವವರು, ಕ್ರ್ಯಾಂಕ್ ಬಿಚ್ಚಿ ಲೇತಿಗೆ ಕೊಟ್ಟು ಹೊಸದು ಮಾಡುವವರು, ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಕೂರಿಸುವವರು. ಸ್ಪೇರ್ ಅಂಗಡಿಯವರು ಹಳೇ ಸ್ಟಾಕ್ ಕಾಪಾಡಿಕೊಂಡರು. ಅದು ಮುಗಿದ ಮೇಲೆ ಸಣ್ಣ ವರ್ಕ್‌ಶಾಪುಗಳಲ್ಲಿ ಅದೇ ಅಳತೆಗೆ ಮಾಡಿಸಿದರು. ಬೈಕಿನ ಆಯಸ್ಸು ಅದನ್ನು ಮಾರಿದವನ ಕೈಲಿರಲಿಲ್ಲ, ರಿಪೇರಿ ಮಾಡುವವನ ಕೈಲಿತ್ತು.

ಆದರೆ ಇವತ್ತಿನ ಗಾಡಿಗೆ ಈ ಕಥೆ ನೇರವಾಗಿ ಅನ್ವಯ ಆಗಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಕಾರ್ಬೊರೇಟರ್ ಜಾಗದಲ್ಲಿ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್, ಇಸಿಯು. ಮೀಟರಿನಲ್ಲಿ ಹಳದಿ ಲೈಟ್ ಹತ್ತಿದರೆ ಕಾರಣ ಏನು ಅಂತ ತಿಳಿಯೋಕೆ ಸ್ಕ್ಯಾನರ್ ಬೇಕು. ರಸ್ತೆ ಬದಿಯ ಮೆಕ್ಯಾನಿಕ್ ಎಷ್ಟೇ ಜಾಣ ಇದ್ದರೂ ಕೆಲವು ಕೆಲಸಕ್ಕೆ ಡೀಲರ್ ಹತ್ತಿರವೇ ಹೋಗಬೇಕು. ಅಂದರೆ ಯೆಜ್ಡಿ ಕಾಲದ ಮೆಕ್ಯಾನಿಕ್ ಮಾಡಿದ್ದನ್ನು ಈಗ ಡೀಲರಿನ ಶೆಡ್ಡು ಮಾಡಬೇಕು. ಅದಕ್ಕೇ ಡೀಲರ್ ಆಯ್ಕೆ ಮುಂಚಿಗಿಂತ ಜಾಸ್ತಿ ಮುಖ್ಯ ಆಗಿದೆ ಅನ್ನೋದು ನನ್ನ ವಾದ.

ಈ ಶೆಡ್ಡು ಗಟ್ಟಿ ಇಲ್ಲದಿದ್ದರೆ ಏನಾಗುತ್ತೆ ಅಂತ ನಮ್ಮ ರಾಜ್ಯದಲ್ಲೇ ನೋಡಿದ್ದೀವಿ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ 26 ವರ್ಷದ ಯುವಕನೊಬ್ಬ, ಕೆಲವೇ ವಾರ ಹಿಂದೆ ಕೊಂಡ ಎಲೆಕ್ಟ್ರಿಕ್ ಸ್ಕೂಟರ್ ಸರಿಮಾಡಿಕೊಡಲಿಲ್ಲ ಅನ್ನೋ ಸಿಟ್ಟಿಗೆ ಓಲಾ ಶೋರೂಮಿಗೇ ಬೆಂಕಿ ಹಚ್ಚಿದ ಅಂತ ಪೊಲೀಸರು ಬಂಧಿಸಿದರು. ಅದು ಅಪರಾಧವೇ, ಅದರಲ್ಲಿ ಹೀರೋಗಿರಿ ಏನೂ ಇಲ್ಲ. ಆದರೆ ಮರುತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ನೋಟಿಸ್ ಕೊಟ್ಟಾಗ, ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದ ದೂರು 10,644 ಅಂತ ಗೊತ್ತಾಯಿತು. ಬಹುಪಾಲು ಪರಿಹರಿಸಿದ್ದೀವಿ ಅಂತ ಕಂಪನಿ ಉತ್ತರಿಸಿತು. ಈ ಕಂಪನಿ ಡೀಲರ್ ಅನ್ನೋ ಮಧ್ಯವರ್ತಿಯೇ ಬೇಡ ಅಂತ ನೇರ ಮಾರಾಟಕ್ಕೆ ಇಳಿದದ್ದು. ಮಧ್ಯವರ್ತಿ ಇಲ್ಲದಿದ್ದರೆ ಕಮಿಷನ್ ಉಳಿಯುತ್ತೆ, ನಿಜ. ಆದರೆ ಊರಿನಲ್ಲಿ ಮುಖ ನೋಡಿ ಕೇಳೋಕೆ ಒಬ್ಬ ಸಾಹುಕಾರನೂ ಇರಲ್ಲ.

ಈಗ ಡೀಲರಿನ ಲೆಕ್ಕ. ಹೊಸ ಬೈಕ್ ಮಾರಿದರೆ ಸಿಗೋ ಮಾರ್ಜಿನ್ ತೆಳು. ಜನ ಅಂದುಕೊಂಡಷ್ಟು ಅಲ್ಲವೇ ಅಲ್ಲ. ಹಾಗಾಗಿ ದುಡ್ಡು ಬರೋದು ಬೇರೆ ಕಡೆಯಿಂದ: ಸಾಲ ಮಾಡಿಸಿದ್ದಕ್ಕೆ ಕಮಿಷನ್, ಇನ್ಶೂರೆನ್ಸ್, ಸೀಟ್ ಕವರ್, ಕ್ರ್ಯಾಶ್ ಗಾರ್ಡ್, ಎಕ್ಸ್‌ಟೆಂಡೆಡ್ ವಾರಂಟಿ, ಮತ್ತೆ ಸರ್ವೀಸು, ಸ್ಪೇರ್. ವಾಹನ ವ್ಯಾಪಾರದಲ್ಲಿ ಸರ್ವೀಸ್ ಅಬ್ಸಾರ್ಪ್ಶನ್ ಅನ್ನೋ ಒಂದು ಅಳತೆ ಇದೆ. ಬಾಡಿಗೆ, ಸಂಬಳ, ಕರೆಂಟು, ಬ್ಯಾಂಕ್ ಬಡ್ಡಿ ಈ ಖರ್ಚಿನಲ್ಲಿ ಎಷ್ಟು ಪಾಲು ವರ್ಕ್‌ಶಾಪು ಮತ್ತು ಸ್ಪೇರಿನ ಲಾಭದಿಂದಲೇ ಹುಟ್ಟುತ್ತೆ ಅನ್ನೋದು. ತಿಂಗಳ ಖರ್ಚು ಎಂಟು ಲಕ್ಷ ಅಂತಿಟ್ಟುಕೊಳ್ಳಿ. ಶೆಡ್ಡಿನಿಂದ ಆರು ಲಕ್ಷ ಬಂದರೆ ಅಬ್ಸಾರ್ಪ್ಶನ್ 75 ಶೇಕಡ. ಆ ತಿಂಗಳು ಒಂದು ಗಾಡಿ ಮಾರಾಟ ಆಗದಿದ್ದರೂ ಅವನು ನಿದ್ದೆ ಮಾಡ್ತಾನೆ. ಬರೀ ಮಾರಾಟ ನಂಬಿದವನಿಗೆ ಅಡಿಕೆ ರೇಟು ಬಿದ್ದ ವರ್ಷ, ಇಲ್ಲಾ ಕಾನೂನು ಬದಲಾದ ವರ್ಷ ಎದೆ ಢವಢವ. 2017ರ ಮಾರ್ಚ್ 29ಕ್ಕೆ ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್ 3 ಗಾಡಿ ಮಾರೋ ಹಾಗಿಲ್ಲ ಅಂತ ಆದೇಶ ಕೊಟ್ಟಿತು. ಉಳಿದದ್ದು ಎರಡೇ ದಿನ. ಎರಡು ಚಕ್ರದ ಗಾಡಿಗಳಿಗೆ 22,000 ರೂಪಾಯಿವರೆಗೂ ಡಿಸ್ಕೌಂಟ್ ಕೊಟ್ಟರು, ಶೋರೂಂ ಮುಂದೆ ಸಿನಿಮಾ ಟಿಕೆಟ್ ಥರ ಕ್ಯೂ.

ಹಾಗಾಗಿ ಆ ಹುಡುಗನಿಗೆ ನಾನು ಹೇಳಿದ್ದು: ಶೋರೂಮಿನ ಮುಂಬಾಗಿಲಿನಿಂದ ಹೋಗಬೇಡ, ಸರ್ವೀಸ್ ಗೇಟಿನಿಂದ ಹೋಗು. ಶನಿವಾರ ಬೆಳಿಗ್ಗೆ ಹೋಗು, ಆವಾಗ ರಶ್ ಇರುತ್ತೆ. ಎಷ್ಟು ಗಾಡಿ ನಿಂತಿವೆ, ಅದರಲ್ಲಿ ಐದಾರು ವರ್ಷ ಹಳೇ ಗಾಡಿ ಎಷ್ಟು ನೋಡು. ಫ್ರೀ ಸರ್ವೀಸ್ ಮುಗಿದ ಮೇಲೂ ಜನ ಅಲ್ಲಿಗೇ ಬರ್ತಿದ್ದಾರೆ ಅಂದರೆ ಅದಕ್ಕಿಂತ ದೊಡ್ಡ ರೇಟಿಂಗ್ ಗೂಗಲ್ಲಿನಲ್ಲೂ ಸಿಗಲ್ಲ. ಕೌಂಟರಿನಲ್ಲಿ ನಿನ್ನ ಮಾಡೆಲ್ಲಿನ ಕ್ಲಚ್ ಕೇಬಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ಸೆಟ್ ಕೇಳು. "ಆರ್ಡರ್ ಹಾಕ್ಬೇಕು" ಅಂದರೆ ಎಷ್ಟು ದಿನ ಅಂತ ಕೇಳು. ಜುಲೈ ತಿಂಗಳಲ್ಲಿ ಹತ್ತು ದಿನ ಅಂದರೆ ಹತ್ತು ದಿನ ನೀನು ಕಾಲ್ನಡಿಗೆ.

ಸಣ್ಣ ಊರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿರೋದು ಮುಖ್ಯ ಡೀಲರ್ರೋ ಸಬ್ ಡೀಲರ್ರೋ? ಸಬ್ ಡೀಲರ್ ಆದರೆ ಗಾಡಿ, ಬಿಲ್ಲು, ರಿಜಿಸ್ಟ್ರೇಷನ್ ಎಲ್ಲಾ ದೊಡ್ಡ ಊರಿನ ಡೀಲರ್ ಹೆಸರಲ್ಲೇ. ಅದು ತಪ್ಪಲ್ಲ. ಆದರೆ ವಾರಂಟಿ ಕೆಲಸ ಇಲ್ಲೇ ಮಾಡ್ತಾರಾ, ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಕಳಿಸ್ತಾರಾ ಅಂತ ಮೊದಲೇ ಕೇಳಬೇಕು. ಶಿವಮೊಗ್ಗ ಅಂದರೆ ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಎರಡು ಸಲ ಓಡಾಡಿದರೆ ಒಂದೊಂದು ದಿನದ ಸಂಬಳ, ಪೆಟ್ರೋಲು, ಊಟ. ಉಳಿಸಿದ ಮೂರು ಸಾವಿರ ಅಲ್ಲಿಗೆ ಸರಿಹೋಯ್ತು.

ಬೆಲೆ ಹೇಳುವಾಗ ಆನ್‌ರೋಡ್ ಅಂತ ಒಂದೇ ಸಂಖ್ಯೆ ಒಪ್ಪಬೇಡಿ, ಬಿಡಿಸಿ ಬರೆಸಿ. ಎಕ್ಸ್ ಶೋರೂಂ ಎಷ್ಟು, ರೋಡ್ ಟ್ಯಾಕ್ಸ್ ಎಷ್ಟು, ಇನ್ಶೂರೆನ್ಸ್ ಎಷ್ಟು. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮೆ ನಮ್ಮಲ್ಲೇ ಮಾಡಿಸಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ. 'ಹ್ಯಾಂಡ್ಲಿಂಗ್' ಅಂತ ಒಂದು ಸಾಲು ಕಂಡರೆ ಏನನ್ನು ಹ್ಯಾಂಡಲ್ ಮಾಡಿದ್ರಿ ಸಾರ್ ಅಂತ ಕೇಳಿ. ಉತ್ತರ ಹೇಗೆ ಬರುತ್ತೆ ಅನ್ನೋದರಲ್ಲೇ ಆ ಡೀಲರ್ ಎಂಥವನು ಅಂತ ಅರ್ಧ ಗೊತ್ತಾಗುತ್ತೆ.

2018ರ ನವೆಂಬರಿನಲ್ಲಿ ಜಾವಾ ವಾಪಸ್ ಬಂತು, 2022ರ ಜನವರಿಯಲ್ಲಿ ಯೆಜ್ಡಿಯೂ. ಈಗ ತಯಾರಾಗೋದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಆ ಡಿಸೆಂಬರಿಗೇ 2019ರ ಸೆಪ್ಟೆಂಬರ್‌ವರೆಗಿನ ಗಾಡಿಗಳೆಲ್ಲಾ ಬುಕ್ ಆಗಿವೆ ಅಂತ ಕಂಪನಿ ಬುಕಿಂಗ್ ನಿಲ್ಲಿಸಿತು. ಲೈಸೆನ್ಸ್ ಕಾಲ ಮುಗಿದು ಎಷ್ಟೋ ವರ್ಷ ಆದ ಮೇಲೆ ಮತ್ತೆ ಹೆಸರು ಬರೆಸಿ ಕಾಯೋ ಕೆಲಸ. ಕಾದವರು ಖುಷಿಯಿಂದಲೇ ಕಾದರು, ಅದು ಬೇರೆ ಮಾತು.

ಕೊನೆಗೆ ಒಂದು ಕಾನೂನಿನ ವಿಷಯ, ಇದು ನಮ್ಮ ಕಡೆಯವರಿಗೆ ಗೊತ್ತೇ ಇಲ್ಲ. ಹಳೇ ಕಾಯ್ದೆಯಲ್ಲಿ ಡೀಲರ್ ಇರೋ ಊರಿನಲ್ಲಿ, ಇಲ್ಲಾ ವ್ಯವಹಾರ ನಡೆದ ಊರಿನಲ್ಲಿ ದೂರು ಕೊಡಬೇಕಿತ್ತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ನೀವು ವಾಸ ಇರೋ ಜಿಲ್ಲೆಯಲ್ಲೇ ಕೊಡಬಹುದು. ಮಂಗಳೂರಿನಲ್ಲಿ ಬೈಕ್ ತಗೊಂಡ ಕಿಗ್ಗದವನು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಎರಡಕ್ಕೂ ಕೇಳೋದು ಕಾಗದ: ಬಿಲ್ಲು, ಜಾಬ್ ಕಾರ್ಡು, ಗಾಡಿ ಬಿಟ್ಟ ದಿನ, ವಾಪಸ್ ಕೊಟ್ಟ ದಿನ. ಪ್ರತಿಸಲ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಕಪಾಟಿನಲ್ಲಿ ಇಟ್ಟಿದ್ದೀನಿ ಅಂತ ನಂಬಬೇಡಿ, ಆಟಿ ತಿಂಗಳು ಕಳೆಯೋದರೊಳಗೆ ನಮ್ಮ ಕಡೆ ಕಾಗದಕ್ಕೆ ಬೂಷ್ಟು ಹಿಡಿದಿರುತ್ತೆ.